ಹೊಲ ಮತ್ತು ವಾಡೆ: ಇಪ್ಪತ್ತನೇ ಶತಮಾನದ ಮೊದಲರ್ಧವನ್ನು ತೋರಿಸುವ ಸಿನಿಮಾಗಳು

ಇಪ್ಪತ್ತನೇ ಶತಮಾನದ ಮೊದಲರ್ಧದ ಏಷ್ಯಾವನ್ನು ಕುರಿತ ಸಿನಿಮಾಗಳಲ್ಲಿ ನೋಡಲೇಬೇಕಾದವು ಯಾವುವು ಎಂಬುದನ್ನು ಉಡುಗೆ, ಒಡವೆ, ಹಳೆಯ ಮೋಟಾರುಗಳ ಅಂದ ನೋಡಿ ತೀರ್ಮಾನಿಸಲಾಗದು. ಭೂಮಿ ಯಾರ ಕೈಯಲ್ಲಿತ್ತು, ದುಡಿಮೆ ಯಾರ ಪಾಲಿಗೆ ಬಂತು, ಮನೆಯೊಳಗೆ ಯಾರ ಮಾತು ನಡೆಯುತ್ತಿತ್ತು ಎಂಬ ಸಂಗತಿಗಳೇ ಕಥೆಯನ್ನು ನಡೆಸಿದಾಗ ಮಾತ್ರ ಸಿನಿಮಾ ಒಂದು ಕಾಲದ ಸಾಕ್ಷಿಯಾಗುತ್ತದೆ.

ಕೇತಕಿ ಸಂಗಮೇಶ್ವರನ ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯ ಕನ್ನಡಿಗರಿಗೆ ಈ ಅಳತೆಗೋಲು ಇನ್ನಷ್ಟು ಮುಖ್ಯ. ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಜಹೀರಾಬಾದ್, ನಾರಾಯಣಖೇಡ್ ಭಾಗಗಳು ಬೀದರ್ ಜಿಲ್ಲೆಯಿಂದಲೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಕನ್ನಡ, ತೆಲುಗು, ಉರ್ದು ಮೂರರ ನಡುವೆ ಬದುಕುವ ಇಲ್ಲಿನ ಪ್ರೇಕ್ಷಕರು ಹಳೆಯ ಕಾಲವನ್ನು ಒಂದೇ ಭಾಷೆಯ ಸಿನಿಮಾದಲ್ಲಿ ಹುಡುಕಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ತೆಲುಗಿನ ‘ಮಾ ಭೂಮಿ’. ಕೃಷ್ಣ ಚಂದರ್ ಅವರ ಉರ್ದು ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಬಂಗಾಳದ ಗೌತಮ್ ಘೋಷ್ ನಿರ್ದೇಶಿಸಿದರು. ನಿರ್ಮಾಪಕರಲ್ಲಿ ಬಿ. ನರಸಿಂಗರಾವ್ ಒಬ್ಬರು. ಬಡ ರೈತನ ಮಗ ರಾಮಯ್ಯ ಊರು ಬಿಟ್ಟು ಹೈದರಾಬಾದ್ ಸೇರಿ, ರಿಕ್ಷಾ ಎಳೆದು, ಕಾರ್ಮಿಕ ಸಂಘಟನೆಯ ಸಂಪರ್ಕಕ್ಕೆ ಬಂದು, ಕೊನೆಗೆ ದೊರೆಯ, ಅಂದರೆ ಜಮೀನುದಾರನ, ವಿರುದ್ಧದ ಹೋರಾಟಕ್ಕೆ ಮರಳುತ್ತಾನೆ. ಬಿಟ್ಟಿ ಚಾಕರಿ ಇಲ್ಲಿ ಭಾಷಣದ ವಿಷಯವಲ್ಲ, ದಿನದ ದುಡಿಮೆಯಾಗಿಯೇ ಕಾಣುತ್ತದೆ. ತೆಲಂಗಾಣದ ಆಡುಮಾತು ಮತ್ತು ಗಾಯಕ ಗದ್ದರ್ ಅವರ ಹಾಡು ಅದಕ್ಕೆ ಬಲ ಕೊಟ್ಟಿವೆ. ದೌರ್ಬಲ್ಯವೂ ಇದೆ: ದೊರೆಯ ದೌರ್ಜನ್ಯಕ್ಕೆ ಸಿಕ್ಕ ಚಂದ್ರಿಯ ಒಳಬದುಕಿಗೆ ಕಥೆ ಹೆಚ್ಚು ಜಾಗ ಕೊಡುವುದಿಲ್ಲ. ತೆಲಂಗಾಣ ರೈತರ ಸಶಸ್ತ್ರ ಹೋರಾಟದ ನೆಲೆ ಮುಖ್ಯವಾಗಿ ನಲ್ಗೊಂಡ, ವರಂಗಲ್ ಕಡೆಯದ್ದಾದ್ದರಿಂದ ಝರಾಸಂಗಂ ಸೀಮೆಯ ಪೂರ್ಣ ಚಿತ್ರವೆಂದೂ ಇದನ್ನು ತಿಳಿಯಬಾರದು.

ಇದಕ್ಕೆ ಜೋಡಿಯಾಗಿ ಬಿ.ವಿ. ಕಾರಂತರ ‘ಚೋಮನ ದುಡಿ’ಯನ್ನು (1975) ನೋಡಬೇಕು. ಶಿವರಾಮ ಕಾರಂತರ 1933ರ ಕಾದಂಬರಿಯ ಚೋಮನ ಹತ್ತಿರ ಎತ್ತುಗಳಿವೆ, ದುಡಿಯುವ ಮೈಯಿದೆ. ಆದರೆ ಅವನ ಜಾತಿಯವನಿಗೆ ಉಳಲು ಹೊಲವಿಲ್ಲ. ‘ಮಾ ಭೂಮಿ’ಯ ರೈತರಿಗೆ ಒಗ್ಗಟ್ಟಿನ ದಾರಿ ಸಿಗುತ್ತದೆ, ಚೋಮನಿಗೆ ದುಡಿಯೊಂದೇ ಸಂಗಾತಿ. ಒಂದೇ ಹಸಿವಿನ ಈ ಎರಡು ಕಥೆಗಳು ಒಟ್ಟಿಗೆ ನೋಡಿದಾಗ ಪರಸ್ಪರ ಬೆಳಕು ಚೆಲ್ಲುತ್ತವೆ. ವಾಸುದೇವರಾವ್ ಅವರ ಅಭಿನಯಕ್ಕೂ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ಸಹಜವೇ ಆಗಿತ್ತು.

ಹೊಲದಿಂದ ವಾಡೆಯ ಒಳಗೆ ಕರೆದೊಯ್ಯುವುದು ಗಿರೀಶ್ ಕಾಸರವಳ್ಳಿಯವರ ‘ತಾಯಿಸಾಹೇಬ’ (1997). ರಂ.ಶಾ. ಲೋಕಾಪುರರ ಕಾದಂಬರಿಯನ್ನು ಆಧರಿಸಿದ ಕಥೆ ಉತ್ತರ ಕರ್ನಾಟಕದ ಸಿರಿವಂತ ಮನೆತನದ್ದು. ಅಪ್ಪಾಸಾಹೇಬ ದೇಶದ ಬಿಡುಗಡೆಗಾಗಿ ಹೊರಡುತ್ತಾನೆ. ಅವನ ಹೆಂಡತಿ ನರ್ಮದೆಗೆ ಆ ಬಿಡುಗಡೆ ತಲುಪುವುದಿಲ್ಲ. ದತ್ತುಮಗನೂ ಅಪ್ಪಾಸಾಹೇಬನಿಗೆ ಚಂದ್ರಿ ಎಂಬ ಇನ್ನೊಬ್ಬ ಹೆಂಗಸಿನಲ್ಲಿ ಹುಟ್ಟಿದ ಮಗಳೂ ಪ್ರೀತಿಸಿದಾಗ, ಕಾನೂನಿನ ಸಂಬಂಧ ಮತ್ತು ಮನುಷ್ಯಸಂಬಂಧ ಎದುರುಬದುರಾಗುತ್ತವೆ. ಜಯಮಾಲಾ ಅವರ ಸಂಯಮದ ಅಭಿನಯ, ವೈಶಾಲಿ ಕಾಸರವಳ್ಳಿಯವರ ವಸ್ತ್ರವಿನ್ಯಾಸ ಕಥೆಯ ಭಾಗವಾಗಿಯೇ ನಿಲ್ಲುತ್ತವೆ. ಕನ್ನಡದ ಕಾಲಚಿತ್ರಗಳಲ್ಲಿ ಇದು ಅತ್ಯಂತ ಪಕ್ವವಾದವುಗಳಲ್ಲಿ ಒಂದು.

ಚೀನಾದ ಝಾಂಗ್ ಯಿಮೋ ನಿರ್ದೇಶಿಸಿದ ‘ರೈಸ್ ದ ರೆಡ್ ಲ್ಯಾಂಟರ್ನ್’ (1991) ಇದರ ಪಕ್ಕದಲ್ಲಿಟ್ಟು ನೋಡಲು ತಕ್ಕದ್ದು. 1920ರ ದಶಕದ ಶ್ರೀಮಂತನ ಮನೆಗೆ ನಾಲ್ಕನೆಯ ಹೆಂಡತಿಯಾಗಿ ಬಂದ ಓದಿದ ಹುಡುಗಿ, ಯಜಮಾನ ಯಾರ ಬಾಗಿಲಿಗೆ ಕೆಂಪು ದೀಪ ಹಚ್ಚಿಸುತ್ತಾನೋ ಅವರಿಗೇ ಆ ದಿನದ ಮರ್ಯಾದೆ ಎಂಬ ನಿಯಮಕ್ಕೆ ಸಿಕ್ಕಿಬೀಳುತ್ತಾಳೆ. ಯಜಮಾನನ ಮುಖ ಸ್ಪಷ್ಟವಾಗಿ ಕಾಣಿಸುವುದೇ ಇಲ್ಲ. ಅಧಿಕಾರ ಮನುಷ್ಯನದಲ್ಲ, ಪದ್ಧತಿಯದು ಎಂಬುದನ್ನು ಈ ಒಂದು ಆಯ್ಕೆಯೇ ಹೇಳಿಬಿಡುತ್ತದೆ. ಆದರೆ ದೃಶ್ಯಗಳ ಬಣ್ಣ ಅಷ್ಟು ಸೊಗಸಾಗಿರುವುದರಿಂದ ಆ ಹೆಂಗಸರ ಉಸಿರುಗಟ್ಟುವಿಕೆ ಕೆಲವೆಡೆ ಮರೆಯಾಗುತ್ತದೆ. ‘ತಾಯಿಸಾಹೇಬ’ದಲ್ಲಿ ಹೊರಗಿನ ರಾಜಕೀಯ ವಾಡೆಯೊಳಗೆ ನುಗ್ಗುತ್ತದೆ, ಇಲ್ಲಿ ಗೋಡೆಗಳು ಅದನ್ನು ತಡೆದಿವೆ.

ಎಸ್.ಎಸ್. ರಾಜಮೌಳಿಯವರ ‘ಆರ್‌ಆರ್‌ಆರ್’ (2022) ಅನ್ನು ಇದೇ ಸಾಲಿಗೆ ಸೇರಿಸಲಾಗದು. ಅದರ ನಾಯಕರಲ್ಲೊಬ್ಬನಾದ ಕೊಮರಂ ಭೀಮ್ ನಿಜದಲ್ಲಿ ನಿಜಾಮ್ ಸರ್ಕಾರದ ವಿರುದ್ಧ ಕಾಡು, ನೀರು, ನೆಲಕ್ಕಾಗಿ ಹೋರಾಡಿ 1940ರಲ್ಲಿ ಜೋಡೇಘಾಟ್‌ನಲ್ಲಿ ಮಡಿದ ಗೋಂಡ ನಾಯಕ. ಸಿನಿಮಾದಲ್ಲಿ ಅವನ ಎದುರಾಳಿ ಬ್ರಿಟಿಷ್ ಗವರ್ನರ್. ಸಾಹಸದ ಕಲ್ಪನೆಯಾಗಿ ಅದಕ್ಕೆ ತನ್ನದೇ ಶಕ್ತಿಯಿದೆ. ಆದರೆ ಹೈದರಾಬಾದ್ ಸಂಸ್ಥಾನದ ಪ್ರಜೆಗಳು ಅನುಭವಿಸಿದ ಆಳ್ವಿಕೆಯನ್ನು ತಿಳಿಯಬಯಸುವವರಿಗೆ ಅದು ದಾರಿ ತಪ್ಪಿಸುತ್ತದೆ.

ಆದ್ದರಿಂದ ‘ಮಾ ಭೂಮಿ’, ‘ಚೋಮನ ದುಡಿ’, ‘ತಾಯಿಸಾಹೇಬ’, ‘ರೈಸ್ ದ ರೆಡ್ ಲ್ಯಾಂಟರ್ನ್’ ಎಂಬ ಅನುಕ್ರಮ ಒಳ್ಳೆಯದು. ಪರಿಚಿತ ಹೊಲದಿಂದ ಆರಂಭಿಸಿದವರಿಗೆ ದೂರದ ಚೀನಾದ ಮನೆಯೂ ಅಪರಿಚಿತವೆನಿಸುವುದಿಲ್ಲ. ಹಳ್ಳಿಯ ಗ್ರಂಥಾಲಯ, ಶಾಲೆ, ಯುವಕ ಸಂಘಗಳು ಇವನ್ನು ತೋರಿಸುವುದಾದರೆ, ನಿಜಾಮನ ಕಾಲದ ಮಾತು ಕೇಳಿ ಬೆಳೆದ ಹಿರಿಯರನ್ನೂ ಕೂರಿಸಿಕೊಂಡು, ಚಿತ್ರ ಮುಗಿದ ಮೇಲೆ ಚರ್ಚೆ ನಡೆಸುವುದು ಅಗತ್ಯ. ಸಿನಿಮಾ ಬಿಟ್ಟದ್ದನ್ನು ತುಂಬಿಕೊಡಬಲ್ಲವರು ಅವರೇ.