ಆಪ್ಟೆಯವರ ಕರಡು, ಗಳಗನಾಥರ ತಿದ್ದುಪಡಿ

ಗಳಗನಾಥರನ್ನು ಓದದೆಯೇ ಗೌರವಿಸುವುದರಲ್ಲಿ ನಾವು ಚೆನ್ನಾಗಿ ಪಳಗಿದ್ದೇವೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ತಾಲೂಕಿನ ಸಾಹಿತ್ಯ ಸಮಾರಂಭಕ್ಕೆ ಹೋಗಿ ಕುಳಿತರೂ ಸ್ವಾಗತ ಭಾಷಣದಲ್ಲಿ ಹೆಸರುಗಳ ಸರಮಾಲೆ ಇದ್ದದ್ದೇ. ಬಾಡದ ಕನಕದಾಸರು, ಶಿಶುನಾಳದ ಶರೀಫರು, ಸರ್ವಜ್ಞ, ಸಾತೇನಹಳ್ಳಿಯ ಶಾಂತಕವಿ, ಸವಣೂರಿನ ಗೋಕಾಕರು, ಹತ್ತಿಮತ್ತೂರಿನ ಚಂಪಾ. ಇವರ ನಡುವೆ ಎಲ್ಲೋ ಒಂದು ಕಡೆ ‘ಕಾದಂಬರಿ ಪಿತಾಮಹ’ ಗಳಗನಾಥರು ಬಂದು ಹೋಗುತ್ತಾರೆ. ಬಿರುದಿನ ಬೆನ್ನಿಗೇ ಆ ಕಥೆಯೂ ಬರುತ್ತದೆ: ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಚಪ್ಪಾಳೆ ಬೀಳುತ್ತದೆ. ಆ ಗಂಟಿನೊಳಗೆ ಏನಿತ್ತು ಎಂದು ಬಿಚ್ಚಿ ನೋಡುವ ಗೊಡವೆಗೆ ಯಾರೂ ಹೋಗುವುದಿಲ್ಲ.

2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಧಾನ ವೇದಿಕೆಗೆ ಕನಕ–ಶರೀಫ–ಸರ್ವಜ್ಞರ ಹೆಸರಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಪದ ಹಾಡಿದವರು ಜನರ ನಾಲಗೆಯ ಮೇಲೆ ತಾವಾಗಿಯೇ ಉಳಿಯುತ್ತಾರೆ, ಕಾದಂಬರಿಕಾರ ಉಳಿಯಬೇಕಾದರೆ ಯಾರಾದರೂ ಕುಳಿತು ಓದಬೇಕು. ನನ್ನ ಜಗಳವಿರುವುದು ಓದುವುದೇ ಕೆಲಸವಾದವರ ಜೊತೆ. ಅವರು ಪಾಠದ ಕೊಠಡಿಯಲ್ಲಿ ಎರಡೇ ವಾಕ್ಯದಲ್ಲಿ ಗಳಗನಾಥರನ್ನು ಮುಗಿಸುತ್ತಾರೆ. ಒಂದು: ಅವರು ಹೆಚ್ಚಾಗಿ ಮರಾಠಿಯಿಂದ ತಂದವರು. ಎರಡು: ಅವರು ತಿಂಗಳ ತಿಂಗಳ ಪತ್ರಿಕೆಗೆ ಅವಸರದಲ್ಲಿ ಬರೆದವರು, ತಿದ್ದಲು ಅವರಿಗೆ ಪುರಸೊತ್ತು ಇರಲಿಲ್ಲ. ಈ ಎರಡು ಆಕ್ಷೇಪಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ಒಂದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಅದನ್ನು ನೋಡಿದವರು ಮಾತ್ರ ಕಡಿಮೆ.

ಗಳಗನಾಥರ, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರ ಜೀವನವೃತ್ತಾಂತ ಬಲ್ಲವರಿಗೆ ಬಲ್ಲದ್ದೇ. 1869ರಲ್ಲಿ ಹುಟ್ಟಿದವರು, 1942ರಲ್ಲಿ ತೀರಿಕೊಂಡವರು. ಹಾನಗಲ್ಲ ಸೀಮೆ ದಾಟಿ ಬರುವ ವರದಾ ನದಿ ತುಂಗಭದ್ರೆಗೆ ಸೇರುವ ಕಡೆ ಇರುವ ಗಳಗನಾಥ ಅವರ ಊರು, ಅದೇ ಹೆಸರೂ ಆಯಿತು. ಗುಲ್ವಾಡಿಯವರ ಕಾದಂಬರಿ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ, ಹತ್ತಿರ ಹತ್ತಿರ ಅದೇ ಹೊತ್ತಿಗೆ ‘ಪ್ರಬುದ್ಧ ಪದ್ಮನಯನೆ’ಯ ಮೂಲಕ ಇವರೂ ಕಣಕ್ಕಿಳಿದಿದ್ದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರ ಗದ್ಯದ ಕಮ್ಮಟವಾಯಿತು. ಇಷ್ಟು ಸಾಕು.

ಈಗ ಆ ಕಮ್ಮಟದ ಒಳಗೆ ಹೋಗೋಣ. ಮೊಳೆ ಅಚ್ಚಿನ ಕಾಲದಲ್ಲಿ ಧಾರಾವಾಹಿ ಬರೆಯುವುದೆಂದರೆ ಏನು? ಒಂದು ಪ್ರಕರಣಕ್ಕೆ ಅಕ್ಷರ ಅಕ್ಷರವಾಗಿ ಸೀಸದ ಮೊಳೆ ಜೋಡಿಸುತ್ತಾರೆ. ಕರಡಚ್ಚು ತೆಗೆಯುತ್ತಾರೆ, ತಪ್ಪು ನೋಡುತ್ತಾರೆ, ಅಚ್ಚು ಹಾಕುತ್ತಾರೆ. ಅಚ್ಚಾದ ಮೇಲೆ ಕಟ್ಟಿದ ಪುಟವನ್ನು ಬಿಚ್ಚಿ ಮೊಳೆಗಳನ್ನು ಮರಳಿ ಖಾನೆಗಳಿಗೆ ಹಂಚಬೇಕು, ಇಲ್ಲದಿದ್ದರೆ ಮುಂದಿನ ಪುಟಗಳಿಗೆ ಮೊಳೆ ಸಾಲುವುದಿಲ್ಲ. ಅಂದರೆ ಒಂಬತ್ತನೆಯ ಪ್ರಕರಣ ಬರೆಯುವಾಗ ಐದನೆಯದು ಅಚ್ಚುಮನೆಯಲ್ಲಿ ಇಲ್ಲವೇ ಇಲ್ಲ. ಮೊಳೆ ಚದುರಿಹೋಗಿದೆ, ಪ್ರತಿಗಳು ಅಂಚೆಯಲ್ಲಿ ವರ್ಗಣಿದಾರರ ಮನೆ ಸೇರಿವೆ. ಐದರಲ್ಲಿ ಒಬ್ಬನನ್ನು ಹೇಡಿ ಎಂದು ಬರೆದು ಒಂಬತ್ತರಲ್ಲಿ ಅವನಿಂದ ಪರಾಕ್ರಮ ಮಾಡಿಸಬೇಕಾದರೆ ಹಿಂದಕ್ಕೆ ಹೋಗಿ ಒಂದು ವಾಕ್ಯ ಸೇರಿಸುವ ದಾರಿ ಇಲ್ಲ. ತಿದ್ದುವುದೇನಿದ್ದರೂ ಮುಂದಿನ ತಿಂಗಳಲ್ಲೇ ತಿದ್ದಬೇಕು, ಅದೂ ಓದುಗನ ಕಣ್ಣೆದುರಿಗೆ.

ಆ ಕಾಲದ ಕಾದಂಬರಿಯಲ್ಲಿ ಕಥನಕಾರ ಆಗಾಗ ಓದುಗರ ಕಡೆ ತಿರುಗಿ ಮಾತನಾಡುವುದನ್ನು ನಾವು ಉಪದೇಶದ ಚಟ ಎಂದು ತಳ್ಳಿಹಾಕುತ್ತೇವೆ. ಉಪದೇಶ ಇದೆ, ಸುಳ್ಳಲ್ಲ. ಆದರೆ ಆ ಮಾತುಗಳು ಎಲ್ಲಿ ಬರುತ್ತವೆ ಎಂದು ಒಮ್ಮೆ ಗುರುತು ಹಾಕಿಕೊಂಡು ಓದಿ. ಬಹುಪಾಲು ಬರುವುದು ಪ್ರಕರಣದ ಬಾಗಿಲಲ್ಲಿ, ಇಲ್ಲವೆ ಒಬ್ಬ ಪಾತ್ರ ತನ್ನ ಹಳೆಯ ನಡತೆಗೆ ಹೊಂದದ ಕೆಲಸ ಮಾಡುವ ಕಡೆ. ಅಲ್ಲಿ ಕಥನಕಾರ ನಿಂತು, ಇವನು ಹೀಗೇಕೆ ಮಾಡಿದ ಎಂದು ತಾನೇ ಕೇಳಿ ತಾನೇ ಸಮಾಧಾನ ಹೇಳುತ್ತಾನೆ. ತಿಂಗಳ ಹಿಂದೆ ಓದಿ ಮರೆತವನಿಗೆ ಅದು ನೆನಪು. ಬರೆದವನಿಗೆ ಅದೇ ತಿದ್ದುಪಡಿ. ನವ್ಯದವರು ಹೊಲಿಗೆ ಕಾಣದ ಹಾಗೆ ಹೊಲಿಯುವುದನ್ನು ಕಲಿಸಿಕೊಟ್ಟ ಮೇಲೆ ಹೊಲಿಗೆ ಕಂಡರೆ ಸಾಕು ನಮಗೆ ಕಸುಬು ಬಾರದವನು ಎನಿಸತೊಡಗಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಿಂದಕ್ಕೆ ಹೋಗಲಾರದವನು ನೂರಾರು ಪುಟದ ಐತಿಹಾಸಿಕ ಕಾದಂಬರಿಯನ್ನು ದಾರಿ ತಪ್ಪದೆ ದಡ ಮುಟ್ಟಿಸುವುದು ಹೇಗೆ? ಪುಣೆಯ ಮರಾಠಿ ಕಾದಂಬರಿಕಾರ ಹರಿ ನಾರಾಯಣ ಆಪ್ಟೆಯವರಿಗೇ ಇದು ಸುಲಭವಾಗಿರಲಿಲ್ಲ. 1890ರಿಂದ ‘ಕರಮಣೂಕ’ ವಾರಪತ್ರಿಕೆ ನಡೆಸಿ ವಾರ ವಾರ ಬರೆದವರು ಕೆಲವು ಕಾದಂಬರಿಗಳನ್ನು ನಡುದಾರಿಯಲ್ಲೇ ಬಿಟ್ಟರು. ಬಂಗಾಳಿಯ ಬಂಕಿಮಚಂದ್ರರು ಇನ್ನೊಂದು ಉಪಾಯ ಮಾಡಿದರು, ಪುಸ್ತಕವಾದ ಮೇಲೆ ತಿದ್ದಿದರು. 1882ರ ಚಿಕ್ಕ ‘ರಾಜಸಿಂಹ’ 1893ರ ಹೊತ್ತಿಗೆ ದೊಡ್ಡ ಕಾದಂಬರಿಯೇ ಆಯಿತು. ಹಾಗೆ ತಿದ್ದಬೇಕಾದರೆ ಮರುಮುದ್ರಣ ಬೇಡುವ ಪೇಟೆ ಇರಬೇಕು. ಮೊದಲ ಮುದ್ರಣವನ್ನೇ ತಲೆಯ ಮೇಲೆ ಹೊತ್ತು ಮಾರುವವರಿಗೆ ಆ ಭಾಗ್ಯ ಎಲ್ಲಿಯದು?

ಗಳಗನಾಥರು ಕಂಡುಕೊಂಡ ದಾರಿ ಮೂರನೆಯದು. ಅವರು ಆಪ್ಟೆಯವರ ಪುಸ್ತಕವನ್ನೇ ತಮ್ಮ ಮೊದಲ ಕರಡು ಮಾಡಿಕೊಂಡರು. ದಿನವೂ ಅವರು ಮಾಡಿದ ಕೆಲಸ ಆ ಕರಡನ್ನು ತಿದ್ದುವುದು. ಹೀಗೆ ನೋಡಿದರೆ ‘ಅನುವಾದಕ’ ಎಂಬ ದೂರೂ ‘ತಿದ್ದದವರು’ ಎಂಬ ದೂರೂ ಒಟ್ಟಿಗೇ ಬೀಳುತ್ತವೆ. ಕೌದಿ ಹೊಲಿಯುವ ಅಜ್ಜಿಗೆ ಸೀರೆ ನೀನು ನೇಯಲಿಲ್ಲವಲ್ಲ ಎಂದು ಯಾರೂ ಅನ್ನುವುದಿಲ್ಲ.

‘ಕನ್ನಡಿಗರ ಕರ್ಮಕಥೆ’ಯನ್ನು ತೆಗೆದುಕೊಳ್ಳಿ. ಮೂಲ ಆಪ್ಟೆಯವರ ‘ವಜ್ರಾಘಾತ’. ವಸ್ತು 1565ರ ಯುದ್ಧ, ವಿಜಯನಗರದ ಪತನ. ಇಂಥ ವಸ್ತುವಿನ ತೊಂದರೆ ಏನೆಂದರೆ ಕೊನೆ ಎಲ್ಲರಿಗೂ ಗೊತ್ತು. ರಾಮರಾಜ ಸೋಲುತ್ತಾನೆ, ಹಂಪಿ ಹಾಳಾಗುತ್ತದೆ. ಹಾಗಾದರೆ ಓದುಗ ಮುಂದಿನ ಪ್ರಕರಣಕ್ಕೆ ಕಾಯುವುದು ಯಾತಕ್ಕೆ? ಆಪ್ಟೆ ಇದಕ್ಕೆ ಒಂದು ಗುಟ್ಟನ್ನು ಹೂಡಿದರು. ರಾಮರಾಜ ಯೌವನದಲ್ಲಿ ಮೆಹೆರ್ಜಾನ ಎಂಬ ಮುಸಲ್ಮಾನ ಹೆಣ್ಣನ್ನು ಒಲಿದು ಕೈಬಿಟ್ಟಿದ್ದಾನೆ. ಅವಳ ಮಗ ರಣಮಸ್ತಖಾನ ವಿಜಾಪುರದ ಕಡೆಯವನಾಗಿ ಬೆಳೆದು, ರಾಮರಾಜ ತನ್ನ ತಂದೆಯೆಂದು ತಿಳಿಯದೆ ಅವನ ನಾಶದಲ್ಲಿ ಪಾಲುಗೊಳ್ಳುತ್ತಾನೆ. ಸಾಮ್ರಾಜ್ಯದ ಕೊನೆ ಗೊತ್ತಿದ್ದರೂ ಈ ಮನೆಯ ಗುಟ್ಟು ಯಾವಾಗ ಒಡೆಯುತ್ತದೆ ಎಂಬುದು ಗೊತ್ತಿಲ್ಲ. ಕಂತುಗಳಲ್ಲಿ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಇನ್ನೊಂದಿಲ್ಲ.

ಇಷ್ಟೂ ಆಪ್ಟೆಯವರದು. ಇದನ್ನು ತಿದ್ದುವುದಕ್ಕೆ ಗಳಗನಾಥರು ಕಥೆಯ ಎಲುಬನ್ನು ಅಲುಗಿಸಲಿಲ್ಲ, ಕಥೆ ಹೇಳುವವನು ನಿಂತ ಜಾಗ ಬದಲಿಸಿದರು. ಪುಣೆಯಲ್ಲಿ ಕುಳಿತ ಲೇಖಕನಿಗೆ ವಿಜಯನಗರ ಒಂದು ಮಹಾನ್ ಉದಾಹರಣೆ. ದಕ್ಷಿಣದಲ್ಲಿ ಹೀಗೊಂದು ರಾಜ್ಯ ಇತ್ತು, ಹೀಗೆ ಬಿತ್ತು. ಗಳಗನಾಥರಿಗೆ ತುಂಗಭದ್ರೆ ತಮ್ಮೂರ ಹೊಳೆ. ಅವರ ಊರಿನ ಮುಂದೆ ಹರಿದ ನೀರೇ ಹಂಪಿಯನ್ನು ಮುಟ್ಟುತ್ತದೆ. ಮರಾಠಿ ಶೀರ್ಷಿಕೆ ಬಿದ್ದ ಪೆಟ್ಟನ್ನು ಹೇಳಿದರೆ ಕನ್ನಡದ ಶೀರ್ಷಿಕೆ ಪೆಟ್ಟು ತಿಂದವರನ್ನು ಹೆಸರು ಹಿಡಿದು ಕರೆಯುತ್ತದೆ. ಆ ಕ್ಷಣದಿಂದ ಕಥನಕಾರನ ದನಿ ಸೂತಕದ ಮನೆಯವನ ದನಿ. ಅವನು ಬರಿಯ ವರದಿಗಾರನಾಗಿ ನಿಲ್ಲಲಾರ. ಅಳುತ್ತಾನೆ, ಬೈಯುತ್ತಾನೆ, ನಡುವೆ ತಡೆದು ತನ್ನವರನ್ನೇ ಕಟಕಟೆಗೆ ತರುತ್ತಾನೆ.

ಇಲ್ಲಿಯೇ ಒಂದು ಬಿರುಕು ಕಾಣುತ್ತದೆ. ಅದರ ಬಗ್ಗೆ ನಮ್ಮ ವಿಮರ್ಶೆ ಇನ್ನಷ್ಟು ತಲೆ ಕೆಡಿಸಿಕೊಳ್ಳಬೇಕಿತ್ತು. ಕಥನಕಾರನ ಉದ್ಗಾರಗಳು ಪತನದ ಹೊಣೆಯನ್ನು ಹೊರಗಿನ ಶತ್ರುಗಳ ಮೇಲೆ, ವಿಧಿಯ ಮೇಲೆ, ಕರ್ಮದ ಮೇಲೆ ಹೊರಿಸುತ್ತ ಹೋಗುತ್ತವೆ. ಕಥೆ ಮಾತ್ರ ಹಾಗೆ ಹೇಳುವುದಿಲ್ಲ. ಕಥೆಯ ಪ್ರಕಾರ ಎಲ್ಲಕ್ಕೂ ಮೂಲ ಒಬ್ಬ ಬಲಶಾಲಿ ಗಂಡಸು ಒಬ್ಬ ಹೆಣ್ಣಿಗೆ ಮಾಡಿದ ಅನ್ಯಾಯ. ಮೆಹೆರ್ಜಾನಳ ನೋವು ನಿಜವಾಗಿರುವಷ್ಟು ಹೊತ್ತು ರಾಮರಾಜನ ಸೋಲಿಗೆ ಕಣ್ಣೀರು ಹಾಕುವುದು ಕಷ್ಟ. ಉದ್ಗಾರವೊಂದು ಕಡೆ, ಕಥೆಯೊಂದು ಕಡೆ ಎಳೆಯುತ್ತವೆ. ಸಾವಕಾಶವಾಗಿ ಕುಳಿತು ಇಡೀ ಹಸ್ತಪ್ರತಿಯನ್ನು ಮತ್ತೆ ಬರೆಯುವ ಲೇಖಕ ಈ ಎಳೆದಾಟವನ್ನು ಅಳಿಸಿಬಿಡುತ್ತಿದ್ದ: ಒಂದೋ ಮೆಹೆರ್ಜಾನಳನ್ನು ಕುಟಿಲೆ ಮಾಡುತ್ತಿದ್ದ, ಇಲ್ಲವೇ ಉದ್ಗಾರಗಳನ್ನು ಕಿತ್ತು ಹಾಕುತ್ತಿದ್ದ. ಗಳಗನಾಥರ ಕಸುಬಿನಲ್ಲಿ ಅಳಿಸುವ ಅಭ್ಯಾಸವೇ ಇಲ್ಲ, ಎರಡೂ ಉಳಿದವು. ಕಾದಂಬರಿ ಈಗಲೂ ಜೀವಂತವಾಗಿರುವುದು ಆ ಉಳಿಕೆಯಿಂದ ಎಂದು ನನ್ನ ವಾದ. ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡ ಮಧ್ಯಮವರ್ಗ ತನ್ನ ಗತಕಾಲವನ್ನು ಕುರಿತು ಏನು ಹೇಳಬಯಸಿತು, ಏನನ್ನು ಮುಚ್ಚಿಡಲಾರದೆ ಹೋಯಿತು ಎಂಬುದು ಇಷ್ಟು ಬಿಚ್ಚಿಟ್ಟಂತೆ ಕಾಣುವ ಪುಸ್ತಕಗಳು ಹೆಚ್ಚಿಲ್ಲ.

ಹಾಗಾದರೆ ದೋಷವೇ ಇಲ್ಲವೇ? ಇದೆ. ಪತಿವ್ರತೆಯರ ವರ್ಣನೆ ಇವತ್ತು ಓದಿಸಿಕೊಳ್ಳುವುದಿಲ್ಲ. ಮುಸಲ್ಮಾನ ಪಾತ್ರಗಳನ್ನು ಚಿತ್ರಿಸುವಾಗ ಗಳಗನಾಥರು ಆಪ್ಟೆಯವರ ಕಾಲದ ಪುಣೆಯ ಕನ್ನಡಕವನ್ನೇ ಹಾಕಿಕೊಂಡಿದ್ದಾರೆ, ಶರೀಫರ ನೆರೆಹೊರೆಯಲ್ಲಿ ಬಾಳಿದವರು ಅದನ್ನು ತೆಗೆದಿಡಬಹುದಿತ್ತು. ಲಂಬಿಸುತ್ತಾರೆ ಕೂಡ. ಇವನ್ನು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಇದಕ್ಕಿಂತ ದೊಡ್ಡ ತಪ್ಪು ವಿಮರ್ಶಕರದ್ದು.

ನೋಡಿ: ಶಿವರಾಮ ಕಾರಂತರು ಓಘದಲ್ಲಿ ಬರೆದವರು, ಬರೆದದ್ದನ್ನು ಕೆತ್ತುತ್ತ ಕೂರುವ ಜಾಯಮಾನ ಅವರದಲ್ಲ. ಮುಂದೆ ಹೇಳಿ ಬರೆಯಿಸಿದ್ದೂ ಉಂಟು. ಅವರ ವೇಗವನ್ನು ನಾವು ಚೈತನ್ಯ ಎನ್ನುತ್ತೇವೆ. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರೆ ಅದು ಜನಪ್ರಿಯತೆಯ ಹಂಬಲ. ಗಳಗನಾಥರು ತಿಂಗಳಿಗೊಂದು ಕಂತು ಬರೆದರೆ ಅದು ಪತ್ರಿಕೆಯ ಪುಟ ತುಂಬಿಸುವ ಕೆಲಸ. ಮೂರೂ ಕಡೆ ವೇಗ ಒಂದೇ, ಅಳೆಯುವ ಕೋಲು ಮಾತ್ರ ಬೇರೆ. ಕಾರಂತರನ್ನು ಕೆಳಗಿಳಿಸುವ ಉದ್ದೇಶ ನನಗಿಲ್ಲ, ಇಳಿಯುವವರೂ ಅಲ್ಲ. ವೇಗ ಗುಣವೋ ದೋಷವೋ ಎಂಬುದನ್ನು ಲೇಖಕನ ಹೆಸರು ನೋಡಿ ತೀರ್ಮಾನಿಸುವ ಪದ್ಧತಿ ನಿಲ್ಲಲಿ ಎನ್ನುತ್ತೇನೆ, ಅಷ್ಟೆ.

ನಿಧಾನವೇ ಶ್ರೇಷ್ಠ ಎನ್ನುವವರಿಗೆ ಸವಣೂರಿನತ್ತ ಬೊಟ್ಟು ಮಾಡುತ್ತೇನೆ. ವಿ.ಕೃ. ಗೋಕಾಕರ ‘ಸಮರಸವೇ ಜೀವನ’ದ ಮೊದಲ ಭಾಗ ‘ಇಜ್ಜೋಡು’ ಮೂವತ್ತರ ದಶಕದ್ದು, ಕಾದಂಬರಿ ಪೂರ್ಣರೂಪಕ್ಕೆ ಬಂದದ್ದು ಐವತ್ತರ ದಶಕದಲ್ಲಿ. ನಡುವೆ ಆಕ್ಸ್‌ಫರ್ಡ್, ಸಮುದ್ರಯಾನ, ಊರೂರಿನ ಕಾಲೇಜುಗಳ ಪ್ರಾಂಶುಪಾಲಗಿರಿ. ಅಷ್ಟು ವರ್ಷ ಜೊತೆಗಿಟ್ಟುಕೊಂಡ ಕಾದಂಬರಿಗೆ ಏನಾಯಿತು? ಲೇಖಕನ ತತ್ತ್ವ ಬೆಳೆದಂತೆಲ್ಲ ನಾಯಕ ನರಹರಿಗೂ ಅದು ಅಂಟುತ್ತ ಹೋಗಿ, ಕೊನೆಗೆ ಮನುಷ್ಯನಾಗಿದ್ದವನು ನವಯುಗದ ಪ್ರವಾದಿಯಾದ. ಬಿಡುವು ಇದ್ದವರಿಗೂ ಬಿಡುವೇ ಕಂಟಕವಾಗುತ್ತದೆ. ಗಳಗನಾಥರ ವರ್ಗಣಿದಾರರು ಇಂಥ ಹಿಗ್ಗುವಿಕೆಯನ್ನು ಸಹಿಸುತ್ತಿರಲಿಲ್ಲ, ಮರುವರ್ಷ ವರ್ಗಣಿ ನಿಲ್ಲಿಸಿಬಿಡುತ್ತಿದ್ದರು.

ಕೊನೆಯ ತಕರಾರು ‘ಮಾಧವ ಕರುಣಾವಿಲಾಸ’ದ ಬಗ್ಗೆ. ಗಳಗನಾಥರನ್ನು ಹೊಗಳಬೇಕೆಂದಾಗಲೆಲ್ಲ ಈ 1923ರ ಕಾದಂಬರಿಯನ್ನು ಮುಂದೆ ಮಾಡುತ್ತಾರೆ: ಇದು ಸ್ವತಂತ್ರ, ಇದು ವಿಜಯನಗರ ಸ್ಥಾಪನೆಯ ಕಥೆ, ಆದ್ದರಿಂದ ಇದೇ ಅವರ ಮೇರುಕೃತಿ. ‘ಆದ್ದರಿಂದ’ ಎಂಬುದು ಎಲ್ಲಿಂದ ಬಂತು? ನನ್ನ ಓದಿನಲ್ಲಿ ಇದು ‘ಕರ್ಮಕಥೆ’ಗಿಂತ ಕೆಳಗಿನದು. ಇಲ್ಲಿ ಗಳಗನಾಥರ ಕೈಯಲ್ಲಿ ತಿದ್ದಲು ಇನ್ನೊಬ್ಬರ ಕರಡಿಲ್ಲ. ಮೊದಲ ಬರವಣಿಗೆಯೂ ಅವರದೇ, ಕೊನೆಯದೂ ಅದೇ. ಜೊತೆಗೆ ನಾಯಕ ಮಾಧವ, ಮುಂದೆ ವಿದ್ಯಾರಣ್ಯನಾಗುವವನು, ತಪ್ಪೇ ಮಾಡದ ಮಹಾತ್ಮ. ರಾಮರಾಜ ಮುಚ್ಚಿಟ್ಟ ಪಾಪದಂಥದ್ದು ಯಾವುದೂ ಇವನ ಬೆನ್ನಿಗಿಲ್ಲ. ಕಥನಕಾರ ಏನು ಹೇಳುತ್ತಾನೋ ಕಥೆಯೂ ಅದನ್ನೇ ಹೇಳುತ್ತದೆ, ಎರಡಕ್ಕೂ ಜಗಳವಿಲ್ಲ. ಭಕ್ತಿ ತುಂಬಿದೆ, ಗದ್ಯ ಪಳಗಿದೆ, ಒಂದೊಂದು ಸಂಭಾಷಣೆಯಲ್ಲಿ ಈ ಸೀಮೆಯ ಮಾತಿನ ಸೊಗಡೂ ಇದೆ. ಓದುಗನನ್ನು ಮುಂದಿನ ಪ್ರಕರಣಕ್ಕೆ ಎಳೆದೊಯ್ಯುವ ಹಸಿವು ಮಾತ್ರ ಇಲ್ಲ. ಸ್ವೋಪಜ್ಞತೆಯ ಮೋಹಕ್ಕೆ ಬಿದ್ದ ನಮ್ಮ ಸಾಹಿತ್ಯ ಚರಿತ್ರೆಗಳು ಗಳಗನಾಥರ ಎರಡನೆಯ ದರ್ಜೆಯ ಪುಸ್ತಕವನ್ನು ಪೀಠದ ಮೇಲಿಟ್ಟು, ಮೊದಲ ದರ್ಜೆಯದನ್ನು ಅನುವಾದದ ಕಪಾಟಿಗೆ ಸೇರಿಸಿಬಿಟ್ಟಿವೆ.

ಈ ವಾದವನ್ನು ಒಪ್ಪದವರು ಇರುತ್ತಾರೆ, ಇರಲಿ. ಅವರು ಮಾಡಬೇಕಾದದ್ದು ಇಷ್ಟೇ: ‘ವಜ್ರಾಘಾತ’ವನ್ನೂ ‘ಕನ್ನಡಿಗರ ಕರ್ಮಕಥೆ’ಯನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಎಲ್ಲಿ ಸೇರಿಸಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ, ಎಲ್ಲಿ ಕಥನಕಾರ ಒಮ್ಮೆಲೆ ಓದುಗರತ್ತ ತಿರುಗಿದ್ದಾನೆ ಎಂದು ಪ್ರಕರಣ ಪ್ರಕರಣವಾಗಿ ಗುರುತು ಮಾಡುವುದು. ಗಡಿಯ ಈಚೆ ಆಚೆಯ ಎರಡೂ ಭಾಷೆ ಬಲ್ಲ ಓದುಗರು ಧಾರವಾಡ, ಬೆಳಗಾವಿಗಳಲ್ಲಿ ಇನ್ನೂ ಇದ್ದಾರೆ. ಪಿಎಚ್.ಡಿ.ಗೆ ವಿಷಯ ಸಿಗುತ್ತಿಲ್ಲ ಎಂದು ಗೊಣಗುವ ಹುಡುಗರೂ ಇದ್ದಾರೆ. ಪುಸ್ತಕದ ಗಂಟಿನ ಕಥೆಯನ್ನು ಅವರು ಪೀಠಿಕೆಯಲ್ಲಿ ಬರೆಯದಿದ್ದರೆ ಇನ್ನೂ ಒಳ್ಳೆಯದು.