ಕನಸಿನಲ್ಲಿ ಬಂದ ಅಳತೆ

ಬೇಲೂರಿನ ಚೆನ್ನಿಗರಾಯನಿಗೂ ಮೆಟ್ಟು ಸವೆಯುತ್ತವಂತೆ. ದೇವಿ ಬಾಬಾಬುಡನ್ ಗಿರಿಯಲ್ಲೇ ಉಳಿದಳು. ಆಕೆಯನ್ನು ನೋಡಲು ದೇವರು ಆಗಾಗ ಹೋಗಿಬರುತ್ತಾನೆ. ಮೆಟ್ಟು ಸವೆದ ಸುದ್ದಿ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸಿನಲ್ಲಿ ತಿಳಿಯುತ್ತದೆ. ಹೊಸ ಜೋಡು ಹೊಲಿದು ತಂದರೆ, ಒಪ್ಪಿಸುವುದಕ್ಕೆ ಅವರನ್ನು ಗುಡಿಯ ಅಂಗಳಕ್ಕೆ ಬಿಡುತ್ತಾರೆ. 1897ರ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆದಿಟ್ಟ ಐತಿಹ್ಯವಿದು.

ಇದನ್ನು ಕೇಳಿದವರು 'ನೋಡಿ, ದೇವರಿಗೆ ಭೇದವಿಲ್ಲ' ಅಂತಾರೆ. ನಾವು ಹೊಲಿದವರ ಕಡೆಯಿಂದ ಇದನ್ನು ಓದಿ ನೋಡೋಣ.

ಎಕ್ಕಡ ಹೊಲಿಯೋದು ಕನಸಿನ ಕೆಲಸವಲ್ಲ. ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಕೆರೆಯಬೇಕು. ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಹದ ಬರಿಸಬೇಕು. ಆಮೇಲೆ ತೊಗಲ ಮೇಲೆ ಕಾಲಿಡಿಸಿ, ಸುತ್ತ ಗೀಟೆಳೆದು ಅಳತೆ ತಗೋಬೇಕು. ಅಂದರೆ ಹಾಕುವವನ ಕಾಲು ಹೊಲಿಯುವವನ ಕೈಗೆ ಬರಬೇಕು. ಈ ಮುಟ್ಟುವ ಗಳಿಗೆಯನ್ನೇ ಐತಿಹ್ಯ ಜಾಣತನದಿಂದ ಕನಸಿಗೆ ಸಾಗಿಸಿದೆ. ಕನಸಲ್ಲಿ ಬಂದ ಗಿರಾಕಿಯ ಹತ್ತಿರ ಕೂಲಿ ಕೇಳೋಕಾಗುತ್ತಾ? ಜೋಡು ಒಳಗೆ ಹೋಯಿತು. ಹೊಲಿದ ಕೈ ಅಂಗಳದಲ್ಲೇ ನಿಂತಿತು.

ಬೇಲೂರು ದೂರ ಅಂತ ನಮ್ಮ ಸೀಮೆಯವರು ಸುಮ್ಮನಿರುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹೊಲೆಯರಿಗೆ ವರ್ಷಕ್ಕೆ ಮೂರು ದಿನ ಗುಡಿ ಪ್ರವೇಶವಿತ್ತೆಂದು ಅದೇ ರೈಸ್ ಬರೆಯುತ್ತಾರೆ. ರಾಮಾನುಜರು ಕೊಟ್ಟದ್ದಂತೆ. ಮಿಕ್ಕ ದಿನಗಳು? ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಹಟ್ಟಿಗಳ ಹಿರೀಕರನ್ನು ಕೇಳಿ. ಊರಿಗೆಲ್ಲ ಎಕ್ಕಡ, ಮಿಣಿ, ಬಾರುಕೋಲು ಮಾಡಿಕೊಟ್ಟ ಮಾದಿಗರು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯದ ಕಾಳಿಗೆ ಸೆರಗೊಡ್ಡಿದರು. ಮೇಲಿನ ಕೇರಿ ಬಂತೆಂದರೆ ತಾವೇ ಹೊಲಿದ ಎಕ್ಕಡವನ್ನು ಕೈಲಿ ಹಿಡಿದು ನಡೆದರು. ಮೇಲುಕೋಟೆಯ ಮೂರು ದಿನ, ಬೇಲೂರಿನ ಒಂದು ಅಂಗಳ: ಎರಡೂ ಕಡೆ ಕೊಟ್ಟದ್ದನ್ನು ಅಳೆದು ಕೊಟ್ಟಿದ್ದಾರೆ.

ಈ ಐತಿಹ್ಯದ ಪಕ್ಕದಲ್ಲಿ ವಚನಕಾರ ಮಾದಾರ ಚೆನ್ನಯ್ಯನನ್ನು ಇಟ್ಟು ನೋಡಿ. ಅವನ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗೂಟಗಳಿವೆ. ಬೇಲೂರಿನ ಕಥೆಯಲ್ಲಿ ಹೊಲಿದವರಿಗೆ ಹೆಸರಿಲ್ಲ, ಸಲಕರಣೆಯಿಲ್ಲ, ಮಾತಿಲ್ಲ. ಚೆನ್ನಯ್ಯನಿಗೆ ಸಲಕರಣೆಯೇ ರುಜು. ಅವನು ದೇವರ ಜೊತೆ ಮಾತಿಗೆ ಕೂತದ್ದು ಕೆಲಸದ ಜಾಗದಲ್ಲಿ, ಎಚ್ಚರದಲ್ಲಿ. ನಮ್ಮ ಸಾಹಿತ್ಯಕ್ಕೆ ಪರಂಪರೆ ಬೇಕಾದರೆ ಅದು ಇಲ್ಲಿದೆ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಮಕ್ಕಳನ್ನು ಬೇಲೂರಿಗೆ ಕರಕೊಂಡು ಹೋದಾಗ ಶಿಲಾಬಾಲಿಕೆಯರನ್ನು ತೋರಿಸಿ, ಬೇಡ ಅನ್ನೋದಿಲ್ಲ. ಜೊತೆಗೆ ಈ ಕಥೆಯನ್ನೂ ಹೇಳಿ, ಒಂದು ಪ್ರಶ್ನೆ ಕೇಳಿಸಿ: ಆ ಜೋಡಿಗೆ ಎಷ್ಟು ಕೊಟ್ಟರು?