ಮೂವತ್ತು ತುಂಬಿದ ಕೂಸಿಗೆ ವರ

ಪತ್ರಿಕೆಯ ವಧೂವರರ ಜಾಹೀರಾತುಗಳನ್ನು ಆಸ್ಥೆಯಿಂದ ಓದುವವರಿಗೆ 2024ರ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ಅಚ್ಚಾದ ಒಂದು ಪ್ರಕಟಣೆ ಮರೆಯುವಂಥದಲ್ಲ. ಸುಮಾರು 30 ವರ್ಷದ ಹಿಂದೆ, ಇನ್ನೂ ಕೂಸಾಗಿದ್ದಾಗಲೇ ತೀರಿಕೊಂಡ ಮಗಳಿಗೆ ಮನೆಯವರು ಗಂಡು ಹುಡುಕುತ್ತಿದ್ದರು. ಗಂಡು ತೀರಿಹೋಗಿಯೂ ಸುಮಾರು 30 ವರ್ಷ ಆಗಿರಬೇಕು, ಜಾತಿ ಒಂದೇ ಆಗಿ ‘ಬರಿ’ (ಗೋತ್ರದಂಥ ಕುಲದ ಕವಲು) ಬೇರೆಯಿರಬೇಕು, ಅವನ ಮನೆಯವರು ಪ್ರೇತ ಮದುವೆಗೆ ಒಪ್ಪಬೇಕು. ಕೊನೆಗೆ ಫೋನ್ ನಂಬರು. ಅದರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವಿಡೀ ನಗೆಯಾಯಿತು. ಆದರೆ ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಕಡೆಯಲ್ಲಾಗಲಿ, ಗಡಿ ದಾಟಿದರೆ ಸಿಗುವ ಕಾಸರಗೋಡಿನ ಊರುಗಳಲ್ಲಾಗಲಿ ಕುಲೆ ಮದ್ಮೆ, ಅಂದರೆ ಪ್ರೇತ ಮದುವೆ, ಎಂದರೆ ಯಾರೂ ಬೆಚ್ಚುವುದಿಲ್ಲ. ನಂಟರ ಬಾಯಿಂದ ಬಾಯಿಗೆ ನಡೆಯುತ್ತಿದ್ದ ಹುಡುಕಾಟ ಪತ್ರಿಕೆಗೆ ಬಂದದ್ದಷ್ಟೇ ಹೊಸತು.

ನಕ್ಕವರು ಆ 30 ಎಂಬ ಅಂಕಿಯನ್ನು ಸರಿಯಾಗಿ ನೋಡಲಿಲ್ಲ ಎಂಬುದು ನನ್ನ ವಾದ. ಕೂಸಾಗಿ ಹೋದ ಮಗು ಕೂಸಾಗಿಯೇ ಉಳಿದಿದ್ದರೆ ಅದಕ್ಕೆ ಮದುವೆಯ ಮಾತೇ ಏಳುತ್ತಿರಲಿಲ್ಲ. ಮನೆಯವರ ಲೆಕ್ಕದಲ್ಲಿ ಅವಳು ವರ್ಷಕ್ಕೊಂದು ವರ್ಷ ಬೆಳೆದಿದ್ದಾಳೆ. ಒಡಹುಟ್ಟಿದವರ ಮದುವೆಯ ಮಾತು ಬಂದಾಗ ಅವಳ ಸರದಿಯೂ ಬಂದಿದೆ. ಸತ್ತ ಮಗುವಿಗೆ ವಯಸ್ಸು ಎಣಿಸುತ್ತಾ ಬರುವುದಕ್ಕಿಂತ ದೊಡ್ಡ ಅಕ್ಕರೆ ಯಾವುದಿದೆ? ಆಮೇಲಿನ ಕ್ರಮಗಳಲ್ಲೂ ಇದೇ ಶ್ರದ್ಧೆ ಕಾಣುತ್ತದೆ. 2022ರ ಆಟಿ ತಿಂಗಳಲ್ಲಿ ನಡೆದ ಇಂಥ ಒಂದು ಮದುವೆಯನ್ನು ನೋಡಿದವರು ಬರೆದದ್ದು ಆಗಲೂ ಊರೂರು ಸುತ್ತಿತ್ತು. ಗಂಡಿನ ಕಡೆಯವರು ಧಾರೆ ಸೀರೆ ತರುತ್ತಾರೆ. ಅದನ್ನು ಕೊಟ್ಟ ಮೇಲೆ ಹೆಣ್ಣು ಉಟ್ಟುಕೊಳ್ಳಲಿ ಎಂದು ಎಲ್ಲರೂ ಸಾಕಷ್ಟು ಹೊತ್ತು ಕಾಯುತ್ತಾರೆ. ಖಾಲಿ ಕುರ್ಚಿಯ ಮೇಲೆ ಮಡಚಿಟ್ಟ ಸೀರೆ, ಸುತ್ತ ಅವಸರ ಮಾಡದೆ ನಿಂತ ಜನ: ಈ ಒಂದು ನೋಟದ ಮುಂದೆ ನನಗೆ ನಗು ಬರುವುದಿಲ್ಲ. ಆಮೇಲೆ ಗಂಡು ಹೆಣ್ಣಿನ ಬದಲಿಗಿಟ್ಟ ಬಟ್ಟೆಗಳಿಗೇ ಏಳು ಸುತ್ತು, ಧಾರೆ, ಊಟಕ್ಕೆ ಇಡ್ಲಿ, ಕೋರಿ ಸುಕ್ಕ, ಕಡ್ಲೆ ಬಲ್ಯಾರ್. ಮಕ್ಕಳಿಗೂ ಮದುವೆಯಾಗದವರಿಗೂ ನೋಡಲು ಬಿಡುವುದಿಲ್ಲ. ಹೆಣ್ಣಿನ ವಯಸ್ಸು ಹೆಚ್ಚಾಯಿತೆಂದು ಗಂಡಿನವರು ಸಂಬಂಧ ಬಿಟ್ಟದ್ದೂ ಉಂಟಂತೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ತುಳುನಾಡಿನಲ್ಲಿ ಬದುಕಿರುವವರ ಮದುವೆ ಇಲ್ಲ, ಹೊಸ ಮದುಮಗಳು ತವರಿಗೆ ಹೋಗುವ ಕಾಲ. ಕುಲೆಗಳಿಗೆ ಎಡೆ ಬಡಿಸುವುದೂ ಆಗಲೇ. ನಮ್ಮ ಮದುವೆಗಳು ನಿಂತ ತಿಂಗಳನ್ನು ಹೋದವರಿಗೆ ಬಿಟ್ಟುಕೊಟ್ಟ ಹಾಗಿದೆ ಈ ಏರ್ಪಾಡು.

ಇದು ಬರೀ ಮೂಢನಂಬಿಕೆ ಎನ್ನುವವರ ಮಾತಿನಲ್ಲಿ ತಳ್ಳಿಹಾಕಲಾಗದ ಅಂಶವೊಂದಿದೆ. ಮದುವೆಯಾಗದ ಕುಲೆ ಕಾಡುತ್ತದೆಂದು ನಂಬಿ, ಮನೆಗೆ ಬಂದ ಕಷ್ಟಕ್ಕೂ ಬದುಕಿರುವ ಮಗಳ ಮದುವೆ ತಡವಾದದ್ದಕ್ಕೂ ಸತ್ತ ಮಗುವಿನ ಮೇಲೆ ಹೊರೆ ಹೊರಿಸುವುದು ಸರಿಯಲ್ಲ; ಭಯ ಹುಟ್ಟಿಸಿ ಪರಿಹಾರದ ಹೆಸರಲ್ಲಿ ಸುಲಿಯುವವರಿದ್ದರೆ ಅದನ್ನು ನಿಲ್ಲಿಸಲೇಬೇಕು. ಆದರೆ ಕಾರಣ ತಪ್ಪಾಗಿದ್ದರೂ ಕೆಲಸದಿಂದ ಸಿಗುವ ಸಮಾಧಾನ ಸುಳ್ಳಾಗುವುದಿಲ್ಲ. ಹೆತ್ತವರು ಹೊರಗೆ ಆಡಲಾಗದೆ ಮೂರು ದಶಕ ಇಟ್ಟುಕೊಂಡ ಸಂಕಟಕ್ಕೆ ನಂಟರೆಲ್ಲ ಸೇರಿ ಒಂದು ದಿನ ಕೊಡುತ್ತಾರೆ. ಜಾತಿಯ ಷರತ್ತನ್ನು ಆಕ್ಷೇಪಿಸಿದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸತ್ತ ಮೇಲೂ ಜಾತಿ ಬಿಡಲಿಲ್ಲವಲ್ಲ ಎಂದು ನೋವಾಗುತ್ತದೆ. ಆ ಪ್ರಶ್ನೆಯನ್ನು ಬದುಕಿರುವವರಿಗಾಗಿ ಪ್ರತಿ ವಾರ ಅಚ್ಚಾಗುವ ಜಾಹೀರಾತುಗಳಿಗೂ ಅಷ್ಟೇ ಜೋರಾಗಿ ಕೇಳಬೇಕು.

ಇನ್ನು, ಇಂಥದ್ದೆಲ್ಲ ಹಳ್ಳಿಯ ಅಜ್ಞಾನ ಎಂಬ ಮಾತು ನಿಲ್ಲುವುದೇ ಇಲ್ಲ. 1959ರ ಡಿಸೆಂಬರ್ 2ರಂದು ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ತನ್ನ ಹುಡುಗನನ್ನು ಕಳೆದುಕೊಂಡ ಇರೇನ್ ಜೊಡಾರ್ ಎಂಬ ಗರ್ಭಿಣಿ, ಅವನನ್ನೇ ಮದುವೆಯಾಗಲು ಬಿಡಿ ಎಂದು ಅಧ್ಯಕ್ಷ ದ ಗಾಲ್ ಅವರ ಮುಂದೆ ಬೇಡಿಕೊಂಡಳು. ಅದೇ ತಿಂಗಳೊಳಗೆ ಕಾನೂನು ಬಂತು, ಇಂದಿಗೂ ಇದೆ. ಜಪಾನಿನ ಯಾಮಗಾತದಲ್ಲಿ ಮದುವೆಯಾಗದೆ ಹೋದ ಮಕ್ಕಳ ಮದುವೆಯ ಚಿತ್ರ ಬರೆಸಿ ದೇವಾಲಯಕ್ಕೆ ಒಪ್ಪಿಸುತ್ತಾರೆ. ಜೋಡಿಯಾಗಿ ಬರೆಸುವವರು ಬದುಕಿರುವ ಯಾರೂ ಆಗಿರಬಾರದೆಂಬ ಎಚ್ಚರ ಅಲ್ಲಿಯದು. ನಮ್ಮವರು ಇನ್ನೊಂದು ಮನೆಯ ಬಾಗಿಲಿಗೇ ಹೋಗುತ್ತಾರೆ. ಮಗ ಹೋದ ಮನೆಯೂ ಮಗಳು ಹೋದ ಮನೆಯೂ ನಂಟರಾಗುತ್ತವೆ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಇದೇ.

ಜಾಹೀರಾತು ಕೊಟ್ಟ ಮನೆಯವರಿಗೂ ಜನ ಲೇವಡಿ ಮಾಡಿಯಾರು ಎಂಬ ಅಳುಕಿತ್ತಂತೆ. ಆದರೆ ಸಂಬಂಧ ಕೇಳಿಕೊಂಡು ಸಂಪರ್ಕಿಸಿದವರೇ 50ರಷ್ಟು ಮಂದಿ ಎಂದು ಅವರು ವರದಿಗಾರರಿಗೆ ಹೇಳಿದರು. ಹೋದ ಮಗನ ವರ್ಷಗಳನ್ನು ಅಷ್ಟೂ ಮನೆಗಳಲ್ಲಿ ಯಾರೋ ಎಣಿಸಿಟ್ಟುಕೊಂಡಿದ್ದರು.